ಹಾಳಾದ ರಸ್ತೆಗಳ ಪಟ್ಟಿ ಪ್ರತಿ ವರ್ಷ ಬೆಳೆಯುತ್ತಿದೆ: ಮರುಡಾಂಬರೀಕರಣದ ಐದು ವರ್ಷದ ಯೋಜನೆಯನ್ನು ಯಾವ ಲೆಕ್ಕದ ಮೇಲೆ ಮಾಡಬೇಕು?

ರಸ್ತೆ_ವಿಭಾಗ (ಪ್ರಶ್ನೆ):

ನಗರದ ರಸ್ತೆಗಳಿಗೆ ಐದು ವರ್ಷದ ನಿರ್ವಹಣಾ ಯೋಜನೆ ತಯಾರಿಸಬೇಕಿದೆ. ಜಾಲದ ಒಟ್ಟು ಉದ್ದ 300 ಲೇನ್-ಕಿ.ಮೀ. (ಪ್ರತಿ ಲೇನಿನ ಉದ್ದವನ್ನೂ ಬೇರೆಯಾಗಿ ಎಣಿಸಿದ್ದು, ಎರಡು ಲೇನಿನ 1 ಕಿ.ಮೀ. ರಸ್ತೆ ಎಂದರೆ 2 ಲೇನ್-ಕಿ.ಮೀ.), ಹೆಚ್ಚುಕಡಿಮೆ ಎಲ್ಲವೂ ಡಾಂಬರು. ಇಲ್ಲಿಯವರೆಗಿನ ಪದ್ಧತಿ ಏನೆಂದರೆ, ತೀರಾ ಹಾಳಾದ ರಸ್ತೆಗಳ ಪಟ್ಟಿ ಮಾಡಿ, ಹಣ ಮುಗಿಯುವವರೆಗೆ ಮೇಲಿನಿಂದ ಒಂದೊಂದನ್ನೇ ಕೈಗೆತ್ತಿಕೊಳ್ಳುವುದು. ಆದರೂ ಪಟ್ಟಿ ಕರಗುತ್ತಿಲ್ಲ, ಉದ್ದವಾಗುತ್ತಿದೆ.

ಕೇಳಬೇಕಿರುವುದು ಇಷ್ಟು. ಯಾವ ರಸ್ತೆಗೆ ಯಾವ ಚಿಕಿತ್ಸೆ ಎಂದು ನಿರ್ಧರಿಸುವುದು ಹೇಗೆ? ವಾರ್ಷಿಕ ಅನುದಾನ ಸಾಕೋ ಸಾಲದೋ ಎಂದು ಸಭೆಯ ಮುಂದೆ ಅಂಕಿಗಳಲ್ಲಿ ತೋರಿಸುವುದು ಹೇಗೆ? ಸಾಲ ಎತ್ತಿ ಒಂದೇ ಸಲ ಎಲ್ಲ ಮುಗಿಸಿಬಿಡೋಣ ಎಂಬ ಸಲಹೆಯೂ ಇದೆ, ಅದು ಸರಿಯೇ? ಜೊತೆಗೆ ಇನ್ನೊಂದು: ಹಳೆಯ ಪದರ ಕೆರೆಯದೆ ಅದರ ಮೇಲೆಯೇ ಹೊಸ ಡಾಂಬರು ಹಾಕಿದರೆ ಖರ್ಚು ಉಳಿಯುತ್ತದಲ್ಲವೇ?

---

ಜಾಲ_ಲೆಕ್ಕ:

ಪಟ್ಟಿ ಬೆಳೆಯಲು ಹಣದ ಕೊರತೆಯೊಂದೇ ಕಾರಣವಲ್ಲ, ಪಟ್ಟಿ ಮಾಡುವ ಕ್ರಮವೂ ಕಾರಣ. ತೀರಾ ಕೆಟ್ಟ ರಸ್ತೆಗೇ ಎಲ್ಲ ಹಣ ಸುರಿದರೆ, ಸಣ್ಣ ಖರ್ಚಿನಲ್ಲಿ ಉಳಿಸಿಕೊಳ್ಳಬಹುದಾಗಿದ್ದ ರಸ್ತೆಗಳು ಅದೇ ವರ್ಷ ಕೈತಪ್ಪುತ್ತವೆ. ಮುಂದಿನ ವರ್ಷ ಅವೂ ದುಬಾರಿ ಪಟ್ಟಿಗೆ ಬಂದು ಸೇರುತ್ತವೆ. ಇದನ್ನು ತೋರಿಸಲು ಸಾಫ್ಟ್‌ವೇರ್ ಬೇಕಿಲ್ಲ, ಒಂದು ಹಾಳೆ ಸಾಕು.

300 ಲೇನ್-ಕಿ.ಮೀ. ಜಾಲಕ್ಕೆ ಒಂದು ವರ್ಷ ವಯಸ್ಸಾದರೆ 300 ಲೇನ್-ಕಿ.ಮೀ.-ವರ್ಷದಷ್ಟು ಆಯುಸ್ಸು ಕಳೆಯಿತು. ಆ ವರ್ಷ ಮಾಡಿದ ಕೆಲಸಗಳೆಲ್ಲ ಸೇರಿ ಕನಿಷ್ಠ 300ನ್ನು ಮರಳಿ ತುಂಬಬೇಕು. ತುಂಬಿದರೆ ಜಾಲ ಇದ್ದ ಸ್ಥಿತಿಯಲ್ಲೇ ಇರುತ್ತದೆ, ತುಂಬದಿದ್ದರೆ ಕುಸಿಯುತ್ತದೆ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಬಿರುಕು ತುಂಬಿದರೆ 2 ವರ್ಷ ಸಿಗುತ್ತದೆ, ಸ್ಲರಿ ಸೀಲ್‌ಗೆ (ಬಿಟುಮೆನ್ ದ್ರವ, ಸಣ್ಣ ಜಲ್ಲಿಪುಡಿ ಕಲಸಿ ಬಳಿಯುವ ತೆಳು ಲೇಪ) 6, ಕೆರೆದು ಹೊಸ ಪದರ ಹಾಕಿದರೆ 12, ಬುಡದಿಂದ ಮರುನಿರ್ಮಿಸಿದರೆ 25. ಒಂದು ಲೇನ್-ಕಿ.ಮೀ.ಗೆ ಖರ್ಚು ಇದೇ ಕ್ರಮದಲ್ಲಿ 1, 4, 20, 70 ಪಾಲು ಎನ್ನೋಣ. ಇವು ಊಹೆಯ ಅಂಕಿಗಳು. ನಿಮ್ಮ ಟೆಂಡರ್ ದರ, ನಿಮ್ಮಲ್ಲಿನ ಬಾಳಿಕೆ ಹಾಕಿ ಮತ್ತೆ ಲೆಕ್ಕ ಮಾಡಿ.

ಈಗ 17 ಲೇನ್-ಕಿ.ಮೀ. ಬಿರುಕು ತುಂಬುವಿಕೆ, 20 ಸ್ಲರಿ, 8 ಹೊಸ ಪದರ, 2 ಮರುನಿರ್ಮಾಣ ಎಂದು ಯೋಜಿಸಿದರೆ 34 + 120 + 96 + 50, ಅಂದರೆ ಸರಿಯಾಗಿ 300. ಖರ್ಚು 17 + 80 + 160 + 140, ಒಟ್ಟು 397 ಪಾಲು. ಅದೇ 397 ಪಾಲನ್ನು ಪೂರ್ತಿ ಮರುನಿರ್ಮಾಣಕ್ಕೆ ಹಾಕಿದರೆ 6 ಲೇನ್-ಕಿ.ಮೀ. ಕೂಡ ಮುಗಿಯುವುದಿಲ್ಲ, ಸಿಗುವ ಆಯುಸ್ಸು ಸುಮಾರು 142. ಹಣ ಅಷ್ಟೇ ಖರ್ಚಾಗಿದೆ, ಜಾಲ ಮಾತ್ರ 158 ಲೇನ್-ಕಿ.ಮೀ.-ವರ್ಷ ಹಿಂದಕ್ಕೆ ಹೋಗಿದೆ. ಸಭೆಗೆ ತೋರಿಸಬೇಕಾದ ಮೊದಲ ಪುಟ ಇದೇ.

ಈ ಲೆಕ್ಕಕ್ಕೆ ಎರಡು ದೌರ್ಬಲ್ಯಗಳಿವೆ. ಸರಿಯಾದ ರಸ್ತೆಗೆ ಸರಿಯಾದ ಚಿಕಿತ್ಸೆ ಕೊಟ್ಟಾಗ ಮಾತ್ರ ಆ ವರ್ಷಗಳು ಸಿಗುತ್ತವೆ. ಬುಡ ಸತ್ತ ರಸ್ತೆಗೆ ಸ್ಲರಿ ಬಳಿದು 6 ವರ್ಷ ಎಂದು ಬರೆದುಕೊಂಡರೆ ಕಾಗದದ ಮೇಲೆ ಮಾತ್ರ ಜಾಲ ಗಟ್ಟಿಯಾಗಿರುತ್ತದೆ. ಎರಡನೆಯದು, ಈ ಲೆಕ್ಕಕ್ಕೆ ವಾಹನದ ಭಾರ ಗೊತ್ತಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೋ (ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆಯಿಂದ ಬಂದ ನಿಯಮದ ಪ್ರಕಾರ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು. ಆದ್ದರಿಂದ ಬಸ್ ಮಾರ್ಗ, ಕಸದ ಲಾರಿಗಳ ಹಾದಿ, ಸರಕು ರಸ್ತೆಗಳಿಗೆ ಬೇರೆ ಬಾಳಿಕೆ, ಬೇರೆ ತೂಕ ಕೊಡಿ. ಮನೆಗಳ ನಡುವಿನ ಅಡ್ಡರಸ್ತೆಗಳನ್ನೂ ಅವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಇನ್ನು ಸಮೀಕ್ಷೆ. ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಡಿ6433 ಮಾನದಂಡದ ಪಿಸಿಐ ಅಂಕ, ಅಂದರೆ ರಸ್ತೆ ಮೇಲ್ಮೈಯ ಸ್ಥಿತಿ ಸೂಚ್ಯಂಕ, 0ಯಿಂದ 100ರವರೆಗೆ ಇರುತ್ತದೆ, ಹೊಸ ರಸ್ತೆ 100. ರಸ್ತೆಯನ್ನು ವಿಭಾಗಗಳಾಗಿ, ಪ್ರತಿ ವಿಭಾಗವನ್ನು ಸುಮಾರು 225 ಚ.ಮೀ. ಮಾದರಿ ತುಂಡುಗಳಾಗಿ ವಿಂಗಡಿಸಬೇಕು. ಡಾಂಬರು ಮೇಲ್ಮೈಯ 20 ಬಗೆಯ ದೋಷಗಳನ್ನು ತೀವ್ರತೆ ಮತ್ತು ವಿಸ್ತಾರದ ಪ್ರಕಾರ ಬರೆದುಕೊಂಡು 100ರಿಂದ ಅಂಕ ಕಳೆಯಬೇಕು. ಇಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಸಂಗತಿಯೊಂದಿದೆ: ಒಂದೇ ಅಂಕ ಎರಡು ಬೇರೆ ಕಾಯಿಲೆಗಳಿಂದ ಬರಬಹುದು. 58 ಅಂಕದ ಒಂದು ರಸ್ತೆಯಲ್ಲಿ ಬಿಸಿಲು, ವಯಸ್ಸಿನಿಂದ ಬಂದ ಚೌಕಾಕಾರದ ಬಿರುಕು ಮತ್ತು ಜಲ್ಲಿ ಏಳುವಿಕೆ ಮಾತ್ರ ಇರಬಹುದು. ಅದೇ 58ರ ಇನ್ನೊಂದರಲ್ಲಿ ವಾಹನದ ಭಾರದಿಂದ ಚಕ್ರದ ಹಾದಿಯುದ್ದಕ್ಕೂ ಮೊಸಳೆಚರ್ಮದಂಥ ಬಿರುಕು ಶುರುವಾಗಿರಬಹುದು. ಮೊದಲನೆಯದಕ್ಕೆ ಮೇಲ್ಮೈ ಚಿಕಿತ್ಸೆ ಸಾಕು, ಎರಡನೆಯದಕ್ಕೆ ಅಗೆತವಿಲ್ಲದೆ ಏನು ಮಾಡಿದರೂ ನಿಲ್ಲದು. ಹಾಗಾಗಿ ಒಟ್ಟು ಅಂಕದ ಪಕ್ಕದಲ್ಲಿ, ಕಳೆದ ಅಂಕಗಳಲ್ಲಿ ಭಾರದಿಂದ ಬಂದದ್ದು ಶೇಕಡಾ ಎಷ್ಟು ಎಂಬ ಕಾಲಂ ಇರಲೇಬೇಕು.

ಸ್ಥೂಲವಾಗಿ, 70ಕ್ಕಿಂತ ಮೇಲಿದ್ದರೆ ಬಿರುಕು ತುಂಬುವಿಕೆ ಮತ್ತು ಸ್ಲರಿ. 55–70ರ ನಡುವೆ, ಬುಡ ಗಟ್ಟಿಯಿದ್ದರೆ ಮೈಕ್ರೋ ಸರ್ಫೇಸಿಂಗ್ (ಸ್ಲರಿಯಂಥದ್ದೇ, ಅದಕ್ಕಿಂತ ಗಟ್ಟಿಯಾದ ಲೇಪ) ಅಥವಾ ತೆಳು ಪದರ. 40–55ಕ್ಕೆ ಕೆಟ್ಟ ಭಾಗಗಳನ್ನು ಅಗೆದು ತುಂಬಿ, ಉಳಿದದ್ದನ್ನು ಕೆರೆದು ಹೊಸ ಪದರ. ಅದಕ್ಕಿಂತ ಕೆಳಗೆ ಕೋರ್ (ರಸ್ತೆಯಿಂದ ಕೊರೆದು ತೆಗೆಯುವ ಉರುಳೆಯಾಕಾರದ ಮಾದರಿ) ತೆಗೆದು, ಬುಡ ಪರೀಕ್ಷಿಸಿದ ಮೇಲೆ ತೀರ್ಮಾನ. ಮುಖ್ಯ ರಸ್ತೆಗಳನ್ನು 2 ವರ್ಷಕ್ಕೊಮ್ಮೆ, ಒಳರಸ್ತೆಗಳನ್ನು 3–4 ವರ್ಷಕ್ಕೊಮ್ಮೆ ಮತ್ತೆ ನೋಡಿ. ಶೇಕಡಾ 5ರಷ್ಟು ತುಂಡುಗಳನ್ನು ಬೇರೊಂದು ತಂಡದಿಂದ ಮರುಅಳತೆ ಮಾಡಿಸಿ. ಎರಡು ತಂಡಗಳ ಅಂಕ ದೂರ ದೂರ ಬಂದರೆ ಇಡೀ ಸಮೀಕ್ಷೆಯ ಮೇಲೆ ಅನುಮಾನ ಪಡಬೇಕು.

---

ಪೇವರ್_ಹಿಂದೆ:

ಕೆರೆಯುವ ಪ್ರಶ್ನೆಗೆ ಉತ್ತರ: ಉಳಿತಾಯ ಎನಿಸುತ್ತದೆ, ಆದರೆ ಎರಡನೇ ಸಲಕ್ಕೇ ತೊಂದರೆ ಶುರು. 40 ಮಿ.ಮೀ. ಪದರ ಎರಡು ಬಾರಿ ಬಿದ್ದರೆ ರಸ್ತೆ 80 ಮಿ.ಮೀ. ಮೇಲೆದ್ದಿರುತ್ತದೆ. ಕರ್ಬ್ ಕಲ್ಲು ಮುಳುಗಿ, ಚರಂಡಿಗೆ ಹೋಗಬೇಕಾದ ನೀರು ಪಾದಚಾರಿ ಮಾರ್ಗಕ್ಕೂ ಗೇಟುಗಳ ಒಳಕ್ಕೂ ಹರಿಯುತ್ತದೆ, ಮ್ಯಾನ್‌ಹೋಲ್ ಮುಚ್ಚಳಗಳು ತಗ್ಗಿನಲ್ಲಿ ಉಳಿಯುತ್ತವೆ. ಅಲ್ಲದೆ ಕೆಳಗಿನ ಬಿರುಕು ಮೇಲಿನ ಪದರಕ್ಕೆ ಹಾಗೆಯೇ ಮೂಡಿ ಬರುತ್ತದೆ. ಕರ್ಬ್ ಇರುವ ಬೀದಿಯಲ್ಲಿ ಎಷ್ಟು ಹಾಕುತ್ತೀರೋ ಅಷ್ಟು ಕೆರೆಯಿರಿ.

ಕೆರೆಯುವ ಮೊದಲು ಕೋರ್ ತೆಗೆದು ಹಳೆಯ ಪದರಗಳ ದಪ್ಪ ನೋಡುವುದು ಕಡ್ಡಾಯ. ಮೇಲಿನ ಪದರ 55 ಮಿ.ಮೀ. ಇದ್ದು ನೀವು 40 ಮಾತ್ರ ಕೆರೆದರೆ, 15 ಮಿ.ಮೀ. ತೆಳು ಹಪ್ಪಳ ಕೆಳಪದರಕ್ಕೆ ಸರಿಯಾಗಿ ಅಂಟದೆ ಉಳಿಯುತ್ತದೆ. ಹೊಸ ಡಾಂಬರು ಅದರ ಜೊತೆಗೇ ಕಿತ್ತು ಬರುತ್ತದೆ. ಅಂಥಲ್ಲಿ ಪದರದ ಅಂಚಿನವರೆಗೂ ಕೆರೆಯಬೇಕು. ಕೆರೆದ ರಸ್ತೆಯನ್ನು ಹಾಗೇ ಬಿಟ್ಟು ವಾಹನ ಓಡಿಸಬಾರದು, ಅದರಲ್ಲೂ ಮಳೆಗೆ. ತೆಳುವಾದ ರಸ್ತೆ ನೀರು ಕುಡಿದು ಚಕ್ರದಡಿ ಬೇಗ ಒಡೆಯುತ್ತದೆ.

ಪ್ರಮಾಣದ ಲೆಕ್ಕ ಹೀಗೆ: 1 ಕಿ.ಮೀ. ಉದ್ದ, 7 ಮೀ. ಅಗಲ, 40 ಮಿ.ಮೀ. ದಪ್ಪ ಎಂದರೆ 280 ಘನ ಮೀಟರ್. ಉರುಳಿಸಿದ ಮೇಲಿನ ಸಾಂದ್ರತೆ ಘನ ಮೀಟರಿಗೆ 2.35 ಟನ್ ಹಿಡಿದರೆ 658 ಟನ್. ಏರುತಗ್ಗು ಸರಿಪಡಿಸಲು, ಪೋಲಿಗೆ ಶೇಕಡಾ 5 ಸೇರಿಸಿ 690. ಟ್ಯಾಕ್ ಕೋಟ್‌ಗೆ (ಹಳೆಯ ಮತ್ತು ಹೊಸ ಪದರಗಳನ್ನು ಅಂಟಿಸಲು ಸಿಂಪಡಿಸುವ ಲೇಪ) ಚ.ಮೀ.ಗೆ 0.25 ಕೆ.ಜಿ. ಉಳಿಕೆ ಬಿಟುಮೆನ್, ಅಂದರೆ ನೀರು ಆರಿದ ಮೇಲೆ ಉಳಿಯುವ ಬಿಟುಮೆನ್, ಬೇಕೆಂದರೆ 7000 ಚ.ಮೀ.ಗೆ 1750 ಕೆ.ಜಿ. ಎಮಲ್ಷನ್‌ನಲ್ಲಿ (ನೀರಿನಲ್ಲಿ ಬೆರೆಸಿದ ಬಿಟುಮೆನ್) ಬಿಟುಮೆನ್ ಶೇಕಡಾ 60 ಇದ್ದರೆ ಟ್ಯಾಂಕರಿನಲ್ಲಿ ಬರಬೇಕಾದದ್ದು ಸುಮಾರು 2,920 ಕೆ.ಜಿ. ಅಂದಾಜು ಪಟ್ಟಿಯಲ್ಲಿ "ಉಳಿಕೆ" ಎಂದು ಬರೆಯದೆ ಬರೀ 0.25 ಎಂದು ಬಿಟ್ಟರೆ ಗುತ್ತಿಗೆದಾರ ಅಷ್ಟು ಎಮಲ್ಷನ್ ಮಾತ್ರ ಸಿಂಪಡಿಸುತ್ತಾನೆ, ಅಂಟು ಶೇಕಡಾ 40 ಕಡಿಮೆ ಬೀಳುತ್ತದೆ. ಕೆರೆದ ಮೇಲ್ಮೈ ಒರಟಾಗಿರುವುದರಿಂದ ಅದಕ್ಕೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಸಿಂಪಡಿಸಿದಾಗ ಕಂದು ಬಣ್ಣ, ನೀರು ಬೇರ್ಪಟ್ಟ ಮೇಲೆ ಕಪ್ಪು. ಕಪ್ಪಾಗುವವರೆಗೆ ಪೇವರ್ (ಡಾಂಬರು ಮಿಶ್ರಣ ಹಾಸುವ ಯಂತ್ರ) ಮುಂದೆ ಹೋಗಬಾರದು. ಧೂಳಿನ ಮೇಲೆ ಟ್ಯಾಕ್ ಹೊಡೆದರೂ ಹೊಡೆಯದಿದ್ದರೂ ಒಂದೇ. ಬಸ್ಸುಗಳು ಬ್ರೇಕ್ ಹಾಕುವ ಜಾಗದಲ್ಲಿ ಅರ್ಧಚಂದ್ರಾಕಾರದ ಬಿರುಕು ಕಂಡರೆ ಮೊದಲು ಈ ಅಂಟನ್ನೇ ಅನುಮಾನಿಸಿ.

ಪದರದ ದಪ್ಪ ಜಲ್ಲಿಯ ಗರಿಷ್ಠ ಅಳತೆಯ ಕನಿಷ್ಠ 3 ಪಟ್ಟು ಇರಲಿ, 4 ಪಟ್ಟಿದ್ದರೆ ಒಳ್ಳೆಯದು. 19 ಮಿ.ಮೀ. ಜಲ್ಲಿಯ ಮಿಶ್ರಣವನ್ನು 40 ಮಿ.ಮೀ. ಪದರಕ್ಕೆ ಹಾಕಿದರೆ ರೋಲರ್ ಕೆಳಗೆ ಜಲ್ಲಿ ಪುಡಿಯಾಗುತ್ತದೆಯೇ ಹೊರತು ಒತ್ತಿಕೊಳ್ಳುವುದಿಲ್ಲ.

ರಸ್ತೆಯ ಬಾಳಿಕೆಯನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಉರುಳಿಕೆ. ಸಾಧಾರಣ ಮಿಶ್ರಣಕ್ಕೆ, ಹಾಸಿದ ಪದರದಲ್ಲಿ ಗಾಳಿಯ ಪ್ರಮಾಣ ಶೇಕಡಾ 8ಕ್ಕಿಂತ ಕೆಳಗಿರಬೇಕು. ಅದಕ್ಕಿಂತ ಹೆಚ್ಚಾದರೆ ರಂಧ್ರಗಳು ಒಂದಕ್ಕೊಂದು ಕೂಡಿ ನೀರು ಒಳಗಿಳಿಯುತ್ತದೆ. ಶೇಕಡಾ 7ರ ಮೇಲೆ ಪ್ರತಿ 1 ಹೆಚ್ಚಾದಾಗಲೂ ಆಯುಸ್ಸು ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ ಎಂಬುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. ಮಿಶ್ರಣ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದರೊಳಗೆ ಒತ್ತುವ ಕೆಲಸ ಮುಗಿದಿರಬೇಕು. ತಣ್ಣನೆಯ ನೆಲ, ಗಾಳಿ ಎರಡೂ ಇದ್ದರೆ 40 ಮಿ.ಮೀ. ಪದರ ನಿಮಿಷಗಳ ಲೆಕ್ಕದಲ್ಲಿ ತಣಿಯುತ್ತದೆ. ಲಾರಿಗಳು ತಡವಾಗಿ ಬಂದು ಪೇವರ್ ನಿಂತು ನಿಂತು ಸಾಗಿದರೆ, ನಿಂತ ಪ್ರತಿ ಜಾಗದಲ್ಲೂ ಅಡ್ಡಲಾಗಿ ಒಂದು ತಣ್ಣನೆಯ ಪಟ್ಟಿ ಉಳಿಯುತ್ತದೆ. ಜಲ್ಲಿ ಮೊದಲು ಏಳುವುದು ಅಲ್ಲಿಯೇ. 690 ಟನ್‌ಗೆ 20 ಟನ್ನಿನ 35 ಲಾರಿ ಬೇಕು. ಘಟಕದಿಂದ ಅವು ಎಷ್ಟು ಹೊತ್ತಿಗೊಂದು ಬರುತ್ತವೆ ಎಂಬ ವೇಳಾಪಟ್ಟಿಯನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ.

ಬಿರುಕು ತುಂಬುವ ಬಗ್ಗೆ ಒಂದು ಮಾತು. ಸುಮಾರು 3ರಿಂದ 20 ಮಿ.ಮೀ. ಅಗಲದ, ಒಂಟಿಯಾಗಿ ಸಾಗುವ ಬಿರುಕಿಗೆ ಇದು ಅತಿ ಅಗ್ಗದ, ಅತಿ ಲಾಭದ ಕೆಲಸ. ಆದರೆ ಒಳಗೆ ತೇವ ಇದ್ದರೆ ಬಿಸಿ ಸೀಲೆಂಟ್ ಅಂಟುವುದೇ ಇಲ್ಲ. ಮೊದಲು ಒತ್ತಡದ ಗಾಳಿಯಿಂದ ಊದಿ ಒಣಗಿಸಬೇಕು. ಬಿರುಕು ಅರ್ಧದಷ್ಟು ತೆರೆದಿರುವ ತಂಪು ಹವೆ ಸೂಕ್ತ: ಬೇಸಿಗೆಯ ನಡುವೆ ತುಂಬಿದರೆ ಮುಂದೆ ಚಳಿಯಲ್ಲಿ ಬಿರುಕು ಅಗಲವಾದಾಗ ಕಿತ್ತುಬರುತ್ತದೆ. ಸ್ಲರಿಗಿಂತ ಕೆಲವು ತಿಂಗಳು ಮೊದಲೇ ತುಂಬಿರಿ.

---

ರಸ್ತೆ_ವಿಭಾಗ:

ಇಬ್ಬರಿಗೂ ಧನ್ಯವಾದ. 397ರ ಲೆಕ್ಕವನ್ನು ನಮ್ಮ ದರಗಳಿಗೆ ಹೊಂದಿಸಿಕೊಳ್ಳುತ್ತೇನೆ. ಆದರೆ "ಗುಂಡಿ ಬಿದ್ದ ರಸ್ತೆ ಬಿಟ್ಟು ಚೆನ್ನಾಗಿರುವ ರಸ್ತೆಗೆ ಯಾಕೆ ಸ್ಲರಿ" ಎಂದು ಕೇಳುವವರಿಗೆ ಏನು ಹೇಳುವುದು? ಹಣದ ಮೂಲದ ಬಗ್ಗೆಯೂ ಯಾರಾದರೂ ತಿಳಿಸಿ. ನಮ್ಮಲ್ಲಿ ವರ್ಷಾಂತ್ಯಕ್ಕೆ ಉಳಿದ ಹಣ ವಾಪಸ್ ಹೋಗುತ್ತದೆ, ಅದು ಬೇರೆ ಸಮಸ್ಯೆ.

---

ಅನುದಾನ_ಶಾಖೆ:

ಸಾಲಕ್ಕೆ ಒಂದೇ ಗೆರೆ ಎಳೆದುಕೊಳ್ಳಿ: ಕೆಲಸದ ಬಾಳಿಕೆಗಿಂತ ಮರುಪಾವತಿಯ ಅವಧಿ ಉದ್ದವಾಗಬಾರದು. 25 ವರ್ಷ ಬಾಳುವ ಮರುನಿರ್ಮಾಣಕ್ಕೆ 15 ವರ್ಷದ ಸಾಲ ಒಪ್ಪಬಹುದು. 6 ವರ್ಷದ ಸ್ಲರಿಗೆ 15 ವರ್ಷದ ಸಾಲ ಎಂದರೆ ಸ್ಲರಿ ಸವೆದು ಹೋದ ಮೇಲೂ 9 ವರ್ಷ ಕಂತು ಕಟ್ಟುವುದು. ನಿರ್ವಹಣೆಗೆ ಪ್ರತಿ ವರ್ಷ ತಪ್ಪದೆ ಬರುವ ಆದಾಯವೇ ಬೇಕು, ಅಂದರೆ ತೆರಿಗೆಯ ನಿಗದಿತ ಪಾಲು, ಪಾರ್ಕಿಂಗ್ ಶುಲ್ಕ, ರಸ್ತೆ ಅಗೆತದ ಶುಲ್ಕ ಇಂಥವು. ಲೀಟರಿಗೆ ಇಷ್ಟು ಎಂದು ನಿಗದಿಯಾದ ಇಂಧನ ತೆರಿಗೆಯನ್ನೇ ಪೂರ್ತಿ ನಂಬಬೇಡಿ. ಬೆಲೆ ಏರಿದರೂ ಅದು ಏರದು, ವಿದ್ಯುತ್ ವಾಹನಗಳು ಹೆಚ್ಚಿದಂತೆ ಇಳಿಯುತ್ತದೆ.

ಸಾಲ ಎತ್ತಿ ಒಂದೇ ಸಲ ಎಲ್ಲ ಮುಗಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಒಂದೇ ವರ್ಷ ಹಾಕಿದ ರಸ್ತೆಗಳೆಲ್ಲ ಹೆಚ್ಚುಕಡಿಮೆ ಒಂದೇ ವರ್ಷ ಹಳತಾಗುತ್ತವೆ. ಆ ಹೊತ್ತಿಗೆ ಕಂತೂ ಮುಗಿದಿರದು. ಸಾಲವನ್ನು ಬಾಕಿ ಬಿದ್ದ ಮರುನಿರ್ಮಾಣಕ್ಕೆ ಸೀಮಿತಗೊಳಿಸಿ, 3–4 ವರ್ಷಕ್ಕೆ ಹರಡಿ. ಸಾಲ ಮಂಜೂರಾಗುವ ನಿರ್ಣಯದಲ್ಲೇ "ವಾರ್ಷಿಕ ನಿರ್ವಹಣಾ ಮೊತ್ತವನ್ನು ಕಡಿತ ಮಾಡತಕ್ಕದ್ದಲ್ಲ" ಎಂಬ ಷರತ್ತು ಬರೆಸಿ. ಅದಿಲ್ಲದಿದ್ದರೆ ಸಾಲದ ಕಂತು ತಿನ್ನುವುದು ಸ್ಲರಿಯ ಹಣವನ್ನೇ.

ಸಭೆಗೆ ಒಂದೇ ಮೊತ್ತ ಕೇಳಬೇಡಿ, ಮೂರು ಚಿತ್ರ ಕೊಡಿ: ಈಗಿನಷ್ಟೇ ಹಣ, ಇದ್ದ ಸ್ಥಿತಿ ಉಳಿಸಲು ಬೇಕಾದ ಹಣ, 10 ವರ್ಷದಲ್ಲಿ ಸುಧಾರಿಸಲು ಬೇಕಾದ ಹಣ. ಪ್ರತಿಯೊಂದಕ್ಕೂ ಸರಾಸರಿ ಅಂಕ, ಬಾಕಿ ಕೆಲಸದ ಒಟ್ಟು ಮೊತ್ತ ಎರಡನ್ನೂ ವರ್ಷವಾರು ತೋರಿಸಿ. ಸರಾಸರಿಯೊಂದೇ ಸಾಲದು. ಹೊಸ ರಸ್ತೆಗಳ 95 ಅಂಕ ಸತ್ತ ರಸ್ತೆಗಳ 20ನ್ನು ಮರೆಮಾಚುತ್ತದೆ. "ಈಗಿನಷ್ಟೇ ಹಣ" ಎಂಬುದರಲ್ಲೂ ಇಳಿಕೆ ಅಡಗಿದೆ. ಕಾಮಗಾರಿ ದರ ವರ್ಷಕ್ಕೆ ಶೇಕಡಾ 5 ಏರಿದರೆ, ಬದಲಾಗದ ಮೊತ್ತಕ್ಕೆ 5 ವರ್ಷದ ನಂತರ ಈಗಿನ ಶೇಕಡಾ 78ರಷ್ಟು ಕೆಲಸ ಸಿಗುತ್ತದೆ, 10 ವರ್ಷಕ್ಕೆ ಶೇಕಡಾ 61.

ಅಂದಾಜಿನಲ್ಲಿ ಬಿಟ್ಟುಹೋಗುವ ಬಾಬ್ತುಗಳು ಯಾವಾಗಲೂ ಅವೇ: ಮ್ಯಾನ್‌ಹೋಲ್ ಮತ್ತು ವಾಲ್ವ್ ಮುಚ್ಚಳ ಎತ್ತುವುದು, ರಸ್ತೆ ಗುರುತು ಬಣ್ಣ, ಸಂಚಾರ ನಿಯಂತ್ರಣ, ಗಾಲಿಕುರ್ಚಿಯವರಿಗಾಗಿ ಮೂಲೆಗಳ ಇಳಿಜಾರು, ಗುಣಮಟ್ಟ ಪರೀಕ್ಷೆ, ಕೆರೆದ ಮೇಲೆ ಬಯಲಾಗುವ ಕೆಟ್ಟ ಬುಡ. ಇವಕ್ಕೆಲ್ಲ ಬಾಬ್ತು ಇಟ್ಟು, ಮೇಲೆ ಶೇಕಡಾ 10 ಅನಿರೀಕ್ಷಿತ ವೆಚ್ಚ ಸೇರಿಸಿ.

ವರ್ಷಾಂತ್ಯದ ಸಮಸ್ಯೆಗೆ ಮದ್ದು, ಹಣಕ್ಕಿಂತ ಒಂದೂವರೆ ಪಟ್ಟು ಕೆಲಸವನ್ನು ಮೊದಲೇ ಅಂದಾಜು, ಅನುಮೋದನೆ ಮುಗಿಸಿ ಸಿದ್ಧವಿಡುವುದು. ಟೆಂಡರಿನಲ್ಲಿ ಮೂಲ ರಸ್ತೆಗಳ ಜೊತೆ ಕ್ರಮಸಂಖ್ಯೆ ಹಾಕಿದ ಐಚ್ಛಿಕ ರಸ್ತೆಗಳನ್ನೂ ಸೇರಿಸಿ. ದರ ಕಡಿಮೆ ಬಂದರೆ ಅದೇ ಗುತ್ತಿಗೆಯಲ್ಲಿ ಅವನ್ನು ಸೇರಿಸಿಕೊಳ್ಳಬಹುದು, ಹೊಸ ಟೆಂಡರ್ ಬೇಡ. ಬಿಟುಮೆನ್ ದರ ಕಚ್ಚಾ ತೈಲದೊಂದಿಗೆ ಏರಿಳಿಯುವುದರಿಂದ ದರ ಹೊಂದಾಣಿಕೆ ಷರತ್ತು ಇರಲಿ. ಇಲ್ಲದಿದ್ದರೆ ಆ ಅಪಾಯವನ್ನು ಗುತ್ತಿಗೆದಾರ ಮೊದಲೇ ದರದಲ್ಲಿ ಸೇರಿಸಿರುತ್ತಾನೆ.

---

ಕೊಳವೆ_ಸಮನ್ವಯ:

ಯಾರೂ ಪ್ರಸ್ತಾಪಿಸದ ವಿಷಯ ಒಂದಿದೆ: ಅಗೆತ. ಎಷ್ಟೇ ಒಳ್ಳೆಯ ಡಾಂಬರು ಹಾಕಿ, ಆರು ತಿಂಗಳಿಗೆ ನೀರಿನ ಕೊಳವೆಗೆ ಅಗೆದರೆ 12 ವರ್ಷ ಎಂಬ ನಿಮ್ಮ ಲೆಕ್ಕ ಅಲ್ಲಿಗೇ ಮುಗಿಯಿತು.

ಐದು ವರ್ಷದ ಪಟ್ಟಿಯನ್ನು ನೀರು, ಒಳಚರಂಡಿ, ವಿದ್ಯುತ್, ಅನಿಲ, ದೂರಸಂಪರ್ಕದವರಿಗೆ ಕಳಿಸಿ, ಕನಿಷ್ಠ 2 ವರ್ಷ ಮೊದಲೇ. "ನಿಮ್ಮ ಕೆಲಸ ಇದೆಯೇ" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಸುಲಭವಾಗಿ ಬರುತ್ತದೆ. ಅದರ ಬದಲು ರಸ್ತೆವಾರು ಕೊಳವೆಯ ವಯಸ್ಸು, ವಸ್ತು, ಹಿಂದಿನ 5 ವರ್ಷದ ಸೋರಿಕೆ ದುರಸ್ತಿಗಳ ಸಂಖ್ಯೆ ಕೇಳಿ. ಒಳಚರಂಡಿಗೆ ಕ್ಯಾಮೆರಾ ಇಳಿಸಿ ನೋಡದೆ ಮುಖ್ಯ ರಸ್ತೆಗೆ ಹೊಸ ಪದರ ಮಂಜೂರು ಮಾಡಬೇಡಿ. ಹೊಸ ರಸ್ತೆಗೆ 3ರಿಂದ 5 ವರ್ಷ ಅಗೆತ ನಿಷೇಧ ಇರಲಿ, ತುರ್ತು ಸೋರಿಕೆಗೆ ಮಾತ್ರ ವಿನಾಯಿತಿ. ಶುಲ್ಕವನ್ನು ತೇಪೆಯ ಖರ್ಚಿಗಷ್ಟೇ ನಿಲ್ಲಿಸದೆ, ಕಡಿಮೆಯಾದ ಆಯುಸ್ಸಿಗೂ ವಿಧಿಸಿ. ರಸ್ತೆ ಹೊಸದಾದಷ್ಟೂ ಹೆಚ್ಚು.

ಅಗೆದದ್ದನ್ನು ಮುಚ್ಚುವ ವಿಧಾನ ಪರವಾನಗಿಯ ಹಿಂಬದಿಯಲ್ಲೇ ಅಚ್ಚಾಗಿರಲಿ. 15–20 ಸೆಂ.ಮೀ. ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ಒತ್ತಬೇಕು. ಒಂದು ಮೀಟರ್ ಆಳವನ್ನು ಒಮ್ಮೆಗೇ ತುಂಬಿ ಮೇಲಿನಿಂದ ಕುಟ್ಟಿದರೆ ಬಿಗಿಯಾಗುವುದು ಮೇಲಿನ ಭಾಗ ಮಾತ್ರ, ಮಳೆ ಬಂದ ಮೇಲೆ ಕೆಳಗಿನದು ಕುಸಿಯುತ್ತದೆ. ಅಗೆದಾಗ ಗುಂಡಿಯ ಗೋಡೆ ಒಳಕ್ಕೆ ವಾಲಿ ಪಕ್ಕದ ಬುಡವೂ ಸಡಿಲವಾಗಿರುತ್ತದೆ. ಆದ್ದರಿಂದ ಡಾಂಬರನ್ನು ಗುಂಡಿಯ ಅಂಚಿನಿಂದ ಎರಡೂ ಬದಿ 30 ಸೆಂ.ಮೀ. ಹೆಚ್ಚು ಗರಗಸದಿಂದ ಕತ್ತರಿಸಿ, ತೇಪೆ ಗಟ್ಟಿ ನೆಲದ ಮೇಲೆ ಕೂರುವಂತೆ ಮಾಡಬೇಕು. ತೇಪೆಯ ಅಂಚು ಚಕ್ರದ ಹಾದಿಗೆ ಬೀಳುವಂತಿದ್ದರೆ ಲೇನಿನ ಗೆರೆಯವರೆಗೂ ಅಗಲಿಸಿ.

---

ಜಾಲ_ಲೆಕ್ಕ:

ಗುಂಡಿ ಬಿದ್ದ ರಸ್ತೆಯ ಪ್ರಶ್ನೆ ನ್ಯಾಯವಾದದ್ದು, ಅಲ್ಲಿ ವಾಸಿಸುವವರಿಗೆ ಜಾಲದ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಅಂಥ ರಸ್ತೆಗಳನ್ನು ಕೈಬಿಡಬಾರದು, ಕಾಯುವಷ್ಟು ದಿನ ಸುರಕ್ಷಿತವಾಗಿಡಬೇಕು. ಚರಂಡಿ ಬಾಯಿ ಸ್ವಚ್ಛ ಮಾಡಿ ನೀರು ನಿಲ್ಲದಂತೆ ನೋಡಿ. ಗುಂಡಿಗಳನ್ನು ಚೌಕವಾಗಿ ಕತ್ತರಿಸಿ, ಅಂಚಿಗೆ ಟ್ಯಾಕ್ ಬಳಿದು, ಬಿಸಿ ಮಿಶ್ರಣದಿಂದ ತುಂಬಿ ಒತ್ತಿ. ಮರುನಿರ್ಮಾಣ ಯಾವ ವರ್ಷ ಎಂದು ಲಿಖಿತವಾಗಿ ಪ್ರಕಟಿಸಿ. 20 ಅಂಕದ ರಸ್ತೆ ಮುಂದಿನ ವರ್ಷ 15 ಆದರೂ ಅದರ ಮರುನಿರ್ಮಾಣದ ಖರ್ಚು ಹೆಚ್ಚು ಬದಲಾಗದು. 72ರ ರಸ್ತೆಯನ್ನು ಕೆಲವು ವರ್ಷ ಮರೆತರೆ ಅದರ ಖರ್ಚು 4 ಪಾಲಿನಿಂದ 20ಕ್ಕೆ ಜಿಗಿಯುತ್ತದೆ. ಕೇಳುವವರಿಗೆ ಈ ಎರಡು ರಸ್ತೆಗಳನ್ನು ಹೆಸರು ಹಿಡಿದು, ಪಕ್ಕಪಕ್ಕ ಫೋಟೋ ಇಟ್ಟು ತೋರಿಸಿ.

ಒಟ್ಟು ಹಣದಲ್ಲಿ ಇಂತಿಷ್ಟು ಪಾಲು ತೀರಾ ಕೆಟ್ಟ ರಸ್ತೆಗಳಿಗೆ ಎಂದು ಮೊದಲೇ ನಿಗದಿ ಮಾಡಿ. ಮೇಲಿನ ಉದಾಹರಣೆಯಲ್ಲಿ 397ರಲ್ಲಿ 140, ಅಂದರೆ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಆ ಪಾಲಿನೊಳಗೆ ಬಸ್ ಮಾರ್ಗ, ಆಸ್ಪತ್ರೆ ಮತ್ತು ಶಾಲೆಯ ಹಾದಿಗಳಿಗೆ ಆದ್ಯತೆ ಕೊಡಿ. ಉಳಿದ ಹಣವನ್ನು ವಾರ್ಡ್‌ಗಳಿಗೆ ಸಮನಾಗಿ ಹಂಚಬೇಡಿ. ರಸ್ತೆಯ ಉದ್ದ ಮತ್ತು ಸ್ಥಿತಿಯ ಪ್ರಕಾರ ಹಂಚಿ. ಪಟ್ಟಿಗೆ ಕೊನೆಗಳಿಗೆಯಲ್ಲಿ ಒಂದು ರಸ್ತೆ ಸೇರಿದರೆ, ಅದಕ್ಕಾಗಿ ಹೊರಬಿದ್ದ ರಸ್ತೆ ಯಾವುದು ಮತ್ತು ಎಷ್ಟು ಲೇನ್-ಕಿ.ಮೀ.-ವರ್ಷ ಕಡಿಮೆಯಾಯಿತು ಎಂಬುದನ್ನು ಅದೇ ಕಡತದಲ್ಲಿ ಬರೆಯುವ ನಿಯಮ ಮಾಡಿಸಿಕೊಳ್ಳಿ.